ಮಾಕಿಂಗ್‌ಬರ್ಡ್ ಓದೋಕೆ ಕೂರ್ತೀರಾ? ಕೈಯಲ್ಲಿ ಒಂದು ಪೆನ್ಸಿಲ್ ಇರ್ಲಿ

"ಟು ಕಿಲ್ ಎ ಮಾಕಿಂಗ್‌ಬರ್ಡ್" ಅನ್ನೋ ಇಂಗ್ಲಿಷ್ ಕಾದಂಬರೀನ ನಾನು ಮೊದಲನೇ ಸಲ ಅರ್ಧಕ್ಕೇ ಬಿಟ್ಟೋನು. ಕೋರ್ಟ್ ಸೀನ್ ಸಖತ್ತಾಗಿದೆ ಅಂತ ಯಾರೋ ಹೇಳಿದ್ರು, ಓದ್ತೀನಿ ಓದ್ತೀನಿ ಕೋರ್ಟೂ ಇಲ್ಲ ಕೇಸೂ ಇಲ್ಲ, ಮೂರು ಮಕ್ಕಳು ಬೀದಿ ಕೊನೆಯ ಒಂದು ಮನೆ ಹತ್ರ ಹೋಗೋದು ಹೆದರಿ ಓಡಿ ಬರೋದು, ಇಷ್ಟೇ. ಆಮೇಲೆ ಗೊತ್ತಾಯ್ತು ವಿಚಾರಣೆ ಬರೋದೇ 31 ಅಧ್ಯಾಯದಲ್ಲಿ ಅರ್ಧ ದಾಟಿದ ಮೇಲೆ ಅಂತ. ಸೋ ನನ್ ಥರ ಬಿಡಬೇಡಿ, ಹೆಂಗೆ ಓದಿದ್ರೆ ಈ ಪುಸ್ತಕ ಕೈಗೆ ಸಿಗುತ್ತೆ ಅಂತ ನಂಗೆ ತಿಳಿದಷ್ಟು ಹೇಳ್ತೀನಿ.

ಶುರು ಮಾಡೋಕೆ ಮುಂಚೆ ಎರಡು ಕಾಲ ತಲೇಲಿಟ್ಕೊಳ್ಳಿ. ಕಥೆ ನಡೆಯೋದು 1933ರಿಂದ 35ರ ಸುಮಾರಿಗೆ, ಅಮೆರಿಕದ ಅಲಬಾಮಾ ರಾಜ್ಯದ ಮೇಕೂಂಬ್ ಅನ್ನೋ ಕಾಲ್ಪನಿಕ ಊರಲ್ಲಿ. ಮಯೆಲ್ಲಾ ಅನ್ನೋ ಬಿಳಿ ಹುಡುಗೀನ ರೇಪ್ ಮಾಡಿದ ಅಂತ ಟಾಮ್ ರಾಬಿನ್ಸನ್ ಅನ್ನೋ ಕಪ್ಪು ಮನುಷ್ಯನ ಮೇಲೆ ಕೇಸು, ಅವನ ಪರ ವಾದ ಮಾಡೋದು ಆಟಿಕಸ್ ಅನ್ನೋ ಬಿಳಿ ವಕೀಲ. ಬರೆದ ಹಾರ್ಪರ್ ಲೀ ಇದನ್ನ ಪ್ರಿಂಟ್ ಮಾಡಿಸಿದ್ದು 1960ರಲ್ಲಿ. ನಡುವೆ ಏನೇನಾಗಿತ್ತು ಅಂದ್ರೆ 1954ರಲ್ಲಿ ಕಪ್ಪು ಮಕ್ಕಳಿಗೆ ಬೇರೆ ಸ್ಕೂಲು ಬಿಳಿ ಮಕ್ಕಳಿಗೆ ಬೇರೆ ಸ್ಕೂಲು ಅನ್ನೋದು ಸಂವಿಧಾನಕ್ಕೆ ವಿರುದ್ಧ ಅಂತ ಸುಪ್ರೀಂ ಕೋರ್ಟ್ ಹೇಳಿತ್ತು, 1955ರಲ್ಲಿ ಎಮ್ಮೆಟ್ ಟಿಲ್ ಅನ್ನೋ 14 ವರ್ಷದ ಕಪ್ಪು ಹುಡುಗನ್ನ ಮಿಸಿಸಿಪ್ಪಿಯಲ್ಲಿ ಬಿಳಿಯರು ಕೊಂದಿದ್ರು, ಅದೇ ವರ್ಷ ಅಲಬಾಮಾದ ಮಾಂಟ್‌ಗೊಮರಿಯಲ್ಲಿ ಬಸ್ಸಲ್ಲಿ ಕಪ್ಪು ಜನರನ್ನ ಬೇರೆ ಕೂರಿಸೋದರ ವಿರುದ್ಧ ಅವರ ಬಸ್ ಬಹಿಷ್ಕಾರ ಶುರುವಾಗಿತ್ತು. ಅಂದ್ರೆ ಹಳೇ ಕಥೆ ಹೇಳ್ತಾ ಇರೋಳ ಸುತ್ತ ಆಗ್ಲೇ ಬೆಂಕಿ ಹತ್ಕೊಂಡಿತ್ತು. ಇನ್ನೊಂದು, 1931ರಲ್ಲಿ ಇದೇ ಅಲಬಾಮಾದ ಸ್ಕಾಟ್ಸ್‌ಬರೋದಲ್ಲಿ ಒಂಬತ್ತು ಕಪ್ಪು ಹುಡುಗರ ಮೇಲೆ ಇಬ್ಬರು ಬಿಳಿ ಹೆಂಗಸರ ರೇಪ್ ಆರೋಪ ಬಂದು, ಬರೀ ಬಿಳಿಯರೇ ಕೂತಿದ್ದ ಜ್ಯೂರಿ, ಅಂದ್ರೆ ತೀರ್ಪು ಹೇಳೋಕೆ ಕೂರಿಸೋ ಸಾಮಾನ್ಯ ಜನರ ತಂಡ, ಕೆಲವೇ ದಿನದಲ್ಲಿ ಎಂಟು ಜನರನ್ನ ಗಲ್ಲಿಗೆ ಕಳಿಸೋ ತೀರ್ಪು ಕೊಡ್ತು, ಗಲ್ಲು ಆಗ್ಲಿಲ್ಲ, ಕೇಸು ವರ್ಷಗಟ್ಟಲೆ ಎಳೀತು. ಇದನ್ನ ಮೊದಲೇ ಓದ್ಕೊಂಡ್ರೆ ಕಾದಂಬರಿಯ ತೀರ್ಪು ನಿಮಗೆ ಶಾಕ್ ಅನ್ಸಲ್ಲ, ಅನ್ಸಬಾರದು ಕೂಡ. ಅಲ್ಲಿ ಶಾಕ್ ಆಗೋದು ಮಕ್ಕಳಿಗೆ ಮಾತ್ರ, ದೊಡ್ಡೋರಿಗೆಲ್ಲ ಗೊತ್ತೇ ಇತ್ತು.

ಈಗ ಪೆನ್ಸಿಲ್ ವಿಷಯ. ಕಥೆ ಹೇಳೋಳು ಸ್ಕೌಟ್, ಶುರುವಲ್ಲಿ ಆರು ವರ್ಷವೂ ತುಂಬಿಲ್ಲ. ಅವಳು ನೋಡಿದ್ದನ್ನೆಲ್ಲ ಹೇಳ್ತಾಳೆ, ಅರ್ಥ ಆಗಿದ್ದು ಕಮ್ಮಿ. ಎಲ್ಲೆಲ್ಲಿ ಅವಳಿಗೆ ತಿಳೀದೆ ನಿಮಗೆ ತಿಳಿಯುತ್ತೋ ಅಲ್ಲಲ್ಲಿ ಅಂಚಲ್ಲಿ ಗೆರೆ ಹಾಕಿ. ಇದೊಂದು ಮಾಡಿದ್ರೆ ಸಾಕು, ಪುಸ್ತಕ ತಾನಾಗೇ ಬಿಚ್ಕೊಳ್ಳುತ್ತೆ.

ಉದಾಹರಣೆಗೆ ಜೈಲಿನ ಮುಂದಿನ ಸೀನು. ರಾತ್ರಿ ಹೊತ್ತು ಟಾಮ್ ರಾಬಿನ್ಸನ್‌ನ ಎಳ್ಕೊಂಡು ಹೋಗಿ ಕೊಲ್ಲೋಕೆ ಗುಂಪು ಬಂದಿದೆ, ಅಪ್ಪ ಆಟಿಕಸ್ ಬಾಗಿಲಲ್ಲಿ ಕೂತಿದಾನೆ, ಇವಳು ಓಡಿ ಹೋಗಿ ಆ ಗುಂಪಲ್ಲಿ ಪರಿಚಯದ ಮುಖ ಹುಡುಕಿ ಕನಿಂಗ್‌ಹ್ಯಾಮ್ ಅನ್ನೋ ರೈತನಿಗೆ ನಿಮ್ಮ ಮಗ ನನ್ನ ಕ್ಲಾಸು ಕಣ್ರಿ, ಅವನಿಗೆ ಹಾಯ್ ಹೇಳಿ, ನಿಮ್ಮ ಜಮೀನಿನ ಕೇಸು ಏನಾಯ್ತು ಅಂತ ಮಾತಾಡ್ತಾಳೆ. ಮರ್ಯಾದೆಯಾಗಿ ಮಾತಾಡೋದು ಅಂದ್ರೆ ಎದುರಿಗಿರೋರ ವಿಷಯ ಮಾತಾಡೋದು ಅಂತ ಅಪ್ಪ ಕಲಿಸಿದ್ದ, ಅದನ್ನೇ ಮಾಡ್ತಿದಾಳೆ ಪಾಪ. ಆ ಮನುಷ್ಯ ಗುಂಪಿಂದ ಕಳಚಿ ಮತ್ತೆ ಒಬ್ಬ ಅಪ್ಪ ಆಗ್ತಾನೆ, ಎಲ್ಲರನ್ನೂ ಕರ್ಕೊಂಡು ವಾಪಸ್ ಹೋಗ್ತಾನೆ. ತಾನೇನು ಮಾಡಿದೆ ಅಂತ ಅವಳಿಗೆ ಆ ಕ್ಷಣಕ್ಕೆ ಗೊತ್ತೇ ಇಲ್ಲ.

ಮೊದಲ ಭಾಗವನ್ನ ಸ್ಕಿಪ್ ಮಾಡಬೇಡಿ ಅನ್ನೋದು ಇದಕ್ಕೇ, ಆ ರೈತನ ಮಗ ವಾಲ್ಟರ್ ಮನೆಗೆ ಊಟಕ್ಕೆ ಬಂದು ತಟ್ಟೆ ತುಂಬಾ ಜೋನಿಬೆಲ್ಲದಂಥ ಸಿರಪ್ ಸುರ್ಕೊಂಡಾಗ ಸ್ಕೌಟ್ ಆಡ್ಕೋತಾಳೆ, ಆಗ ಅಡುಗೆಮನೆಗೆ ಕರೆದು ಬಿಸಿ ಮುಟ್ಟಿಸೋಳು ಕ್ಯಾಲ್ಪರ್ನಿಯಾ, ಮನೆಗೆಲಸದ ಕಪ್ಪು ಹೆಂಗಸು. ಅದು ಮೂರನೇ ಅಧ್ಯಾಯ. ಹಂಗೇ ಮಿಸೆಸ್ ಡುಬೋಸ್ ಅನ್ನೋ ಬಾಯಿಬಡುಕಿ ಮುದುಕಿ, ಕಪ್ಪು ಜನರ ಪರ ವಾದ ಮಾಡ್ತಾನೆ ಅಂತ ಆಟಿಕಸ್‌ಗೆ ಮಕ್ಕಳೆದುರೇ ಬೈತಾಳೆ, ಆದ್ರೆ ಸಾಯೋ ಮುಂಚೆ ಮಾರ್ಫಿನ್ ಚಟದಿಂದ ಬಿಡಿಸ್ಕೋಬೇಕು ಅಂತ ಒದ್ದಾಡಿ ಗೆಲ್ತಾಳೆ. ಧೈರ್ಯ ಮತ್ತು ದ್ವೇಷ ಎರಡೂ ಒಂದೇ ಮೈಯಲ್ಲಿ. ಇದು ಮಕ್ಕಳಿಗೆ ಅರಗಿಸ್ಕೊಳ್ಳೋಕೆ ಕಷ್ಟ, ನಂಗೂ ಕಷ್ಟಾನೇ.

ಕೋರ್ಟ್ ಬಂದಾಗ ಸ್ಪೀಡ್ ಕಮ್ಮಿ ಮಾಡಿ. ಒಂದು ಹಾಳೇಲಿ ಬರೀರಿ: ಮಯೆಲ್ಲಾಗೆ ಏಟು ಬಿದ್ದಿರೋದು ಮುಖದ ಬಲಗಡೆ, ಅವಳ ಅಪ್ಪ ಬಾಬ್ ಯೂವೆಲ್ ಎಡಗೈಯಲ್ಲಿ ಬರೀತಾನೆ, ಟಾಮ್‌ನ ಎಡಗೈ ಚಿಕ್ಕಂದಿನಲ್ಲೇ ಹತ್ತಿ ಜಿನ್ನಿಂಗ್ ಮಶೀನಿಗೆ ಸಿಕ್ಕಿ ಸತ್ತೋಗಿದೆ, ಡಾಕ್ಟರನ್ನ ಯಾರೂ ಕರೆಸೇ ಇಲ್ಲ. ಹತ್ತು ವರ್ಷದ ಹುಡುಗನಿಗೂ ಅರ್ಥ ಆಗೋ ಲೆಕ್ಕ ಇದು. ಆದ್ರೆ ಕೇಸು ಸೋಲೋದು ಲೆಕ್ಕದಲ್ಲಲ್ಲ, ಅವಳಿಗೆ ಯಾಕೆ ಪುಕ್ಕಟೆ ಕೆಲಸ ಮಾಡಿಕೊಡ್ತಿದ್ದೆ ಅಂತ ಕೇಳಿದಾಗ ಟಾಮ್ ಅಯ್ಯೋ ಪಾಪ ಅನ್ಸಿತ್ತು ಅಂತ ಹೇಳಿಬಿಡ್ತಾನಲ್ಲ, ಅಲ್ಲಿ. ಕಪ್ಪು ಮನುಷ್ಯ ಬಿಳಿ ಹೆಂಗಸಿಗೆ ಪಾಪ ಅನ್ನೋದಾ! ಆ ಸಾಲಿಗೆ ಎರಡು ಗೆರೆ ಹಾಕಿ. ಜ್ಯೂರೀಲಿ ಕಪ್ಪು ಜನರಿಗೆ ಜಾಗ ಇಲ್ಲ, ಹೆಂಗಸರಿಗೂ ಇಲ್ಲ, ಅಲಬಾಮಾದಲ್ಲಿ ಹೆಂಗಸರನ್ನ ಹೊರಗಿಟ್ಟಿದ್ದು ತಪ್ಪು ಅಂತ ಕೋರ್ಟ್ ಹೇಳಿದ್ದೇ 1966ರಲ್ಲಿ, ಪುಸ್ತಕ ಬಂದು ಆರು ವರ್ಷ ಆದ್ಮೇಲೆ.

ಆ ಸೀನಲ್ಲೇ ಮೂರು ಮಕ್ಕಳನ್ನೂ ಬೇರೆ ಬೇರೆ ನೋಡಿ. ಸರ್ಕಾರಿ ವಕೀಲ ಬೆಳೆದ ಗಂಡಸು ಟಾಮ್‌ನ ಬಾಯ್ ಬಾಯ್, ಅಂದ್ರೆ ಲೋ ಹುಡುಗ ಅಂತ ಕೀಳಾಗಿ ಕರೆಯೋ ರೀತಿ ಕೇಳಿ ಪಕ್ಕದ ಹುಡುಗ ಡಿಲ್ ಬಿಕ್ಕಿ ಬಿಕ್ಕಿ ಅಳ್ತಾನೆ, ಅಣ್ಣ ಜೆಮ್ ಗೆದ್ವಿ ಗೆದ್ವಿ ಅಂತ ನಂಬ್ಕೊಂಡು ಕೊನೆಗೆ ಒಡೆದುಹೋಗ್ತಾನೆ, ಸ್ಕೌಟ್ ಏನಂತಾಳೆ ಗೊತ್ತಾ, ಎಷ್ಟಾದ್ರೂ ಅವನು ನೀಗ್ರೋ ತಾನೇ ಅಂತಾಳೆ ಡಿಲ್‌ಗೆ. ನಮ್ಮ ಮುದ್ದು ಸ್ಕೌಟೇ! ಬಹಳ ಜನ ಈ ಸಾಲನ್ನ ಓದಿಯೂ ಓದದಂಗೆ ದಾಟಿ ಹೋಗ್ತಾರೆ. ಊರಿನ ಗಾಳಿ ಎಷ್ಟು ಸಲೀಸಾಗಿ ಮಗು ಒಳಗೆ ಹೋಗಿದೆ ಅಂತ ಇಲ್ಲೇ ಗೊತ್ತಾಗೋದು. ಆಮೇಲೆ ಹಿಟ್ಲರ್ ಯಹೂದಿಗಳಿಗೆ ಮಾಡ್ತಿರೋದು ಅನ್ಯಾಯ ಅಂತ ಕ್ಲಾಸಲ್ಲಿ ಪಾಠ ಮಾಡೋ ಟೀಚರೇ ಕೋರ್ಟಿನ ಮೆಟ್ಟಿಲ ಮೇಲೆ ಕಪ್ಪು ಜನಕ್ಕೆ ಬುದ್ಧಿ ಕಲಿಸಬೇಕಿತ್ತು ಅಂದಿದ್ದು ನೆನಪಾಗಿ ಸ್ಕೌಟ್‌ಗೆ ಕಸಿವಿಸಿ ಆಗುತ್ತೆ, ಅವಳು ಬೆಳೆದಿದ್ದು ನಂಗೆ ಕಂಡಿದ್ದು ಅಲ್ಲಿ.

ಓದ್ತಾ ಜಾತಿ ನೆನಪಾಗುತ್ತೆ, ಆಗ್ಲಿ, ಆದ್ರೆ ಓ ಇದು ನಮ್ಮ ಥರಾನೇ ಅಂತ ತಕ್ಷಣ ಮುಚ್ಚಿಡಬೇಡಿ, ಕಪ್ಪು ಜನರ ಒಂದು ಹನಿ ರಕ್ತ ಇದ್ರೂ ಪೂರ್ತಿ ಕಪ್ಪು ಅಂತ ಜೆಮ್ ತಂಗಿಗೆ ವಿವರಿಸೋ ಜಾಗ, ಮಿಶ್ರ ಮಕ್ಕಳು ಎರಡೂ ಕಡೆಗೆ ಸೇರದೆ ನಿಲ್ಲೋ ಜಾಗ, ಅದು ಅಲ್ಲಿನದೇ ಲೆಕ್ಕ.

ಇನ್ನು ಆಟಿಕಸ್. ದೇವರ ಫೋಟೋ ಥರ ಗೋಡೆಗೆ ಹಾಕಬೇಡಿ. ಈ ಕೇಸು ಅವನು ಹುಡುಕ್ಕೊಂಡು ಹೋಗಿದ್ದಲ್ಲ, ಜಡ್ಜ್ ವಹಿಸಿದ್ದು. ಕ್ಲಾನ್ (ಕಪ್ಪು ಜನರನ್ನ ಹೆದರಿಸಿ ಹೊಡೀತಿದ್ದ ಬಿಳಿಯರ ಗುಂಪು, ಕು ಕ್ಲಕ್ಸ್ ಕ್ಲಾನ್) ಅನ್ನೋದು ಹಿಂದೆ ಒಂದು ರಾಜಕೀಯ ಸಂಘಟನೆ ಆಗಿತ್ತು ಅಷ್ಟೇ ಅನ್ನೋ ಥರ ಮಗನಿಗೆ ಹಗುರವಾಗಿ ಹೇಳ್ತಾನೆ. 2015ರಲ್ಲಿ ಲೀಯದೇ ಇನ್ನೊಂದು ಕಾದಂಬರಿ "ಗೋ ಸೆಟ್ ಎ ವಾಚ್‌ಮನ್" ಬಂದಾಗ ಅದರಲ್ಲಿ ವಯಸ್ಸಾದ ಆಟಿಕಸ್ ಕಪ್ಪು ಜನರ ಹಕ್ಕಿನ ವಿರುದ್ಧ ಇರೋದು ನೋಡಿ ಜನ ಎದೆ ಬಡ್ಕೊಂಡ್ರು. ಮೊದಲನೇದನ್ನೇ ಪೆನ್ಸಿಲ್ ಹಿಡಿದು ಓದಿದ್ರೆ ಅಷ್ಟು ಏಟು ಬೀಳ್ತಿರಲಿಲ್ಲವೇನೋ.

ದೊಡ್ಡ ಕೊರತೆ ಒಂದಿದೆ. ಕ್ಯಾಲ್ಪರ್ನಿಯಾ ಮಕ್ಕಳನ್ನ ತನ್ನ ಚರ್ಚಿಗೆ ಕರ್ಕೊಂಡು ಹೋಗ್ತಾಳೆ, ಅಲ್ಲಿ ಹಾಡಿನ ಪುಸ್ತಕ ಇಲ್ಲ, ಒಬ್ಬ ಸಾಲು ಹೇಳ್ತಾನೆ ಉಳಿದೋರು ಹಾಡ್ತಾರೆ, ಯಾಕಂದ್ರೆ ಓದು ಬರೋರೇ ನಾಲ್ಕೈದು ಜನ. ಅವಳು ಅಲ್ಲಿ ಬೇರೆ ಥರ ಮಾತಾಡ್ತಾಳೆ, ಬಿಳಿಯರ ಮನೇಲಿ ಬೇರೆ ಥರ. ಸ್ಕೌಟ್ ನಿಮ್ಮನೆಗೂ ಬರ್ಲಾ ಅಂತ ಕೇಳ್ತಾಳೆ, ಆದ್ರೆ ನಾವು ಆ ಮನೆ ಒಳಗೆ ಹೋಗೋದೇ ಇಲ್ಲ. ಟಾಮ್ ಸತ್ತ ಸುದ್ದಿ ಕೇಳಿ ಅವನ ಹೆಂಡತಿ ಹೆಲೆನ್ ಕುಸಿಯೋದನ್ನೂ ಡಿಲ್ ನೋಡಿ ಹೇಳಿದ್ದು ನಮಗೆ ಸಿಗೋದು. ಕಪ್ಪು ಜನರ ನೋವು ಇದೆ, ಅವರ ತಲೆಯೊಳಗೆ ಏನಿತ್ತು ಅನ್ನೋದು ಇಲ್ಲ.

ಅದಕ್ಕೇ ಇದರ ಹಿಂದೆಯೇ ಮಿಲ್ಡ್ರೆಡ್ ಟೇಲರ್ ಬರೆದ "ರೋಲ್ ಆಫ್ ಥಂಡರ್, ಹಿಯರ್ ಮೈ ಕ್ರೈ" ಓದಿ, 1976ರದ್ದು. ಅದೇ 1933, ಮಿಸಿಸಿಪ್ಪಿ, ಒಂಬತ್ತು ವರ್ಷದ ಕ್ಯಾಸಿ ಅನ್ನೋ ಕಪ್ಪು ಹುಡುಗಿ. ಸ್ಕೂಲಲ್ಲಿ ಪುಸ್ತಕ ಕೊಡ್ತಾರೆ, ಒಳಗಡೆ ಒಂದು ಪಟ್ಟಿ ಅಂಟಿಸಿದೆ, ಯಾವ ವರ್ಷ ಯಾವ ಬಣ್ಣದ ಮಗುವಿಗೆ ಕೊಟ್ರು, ಪುಸ್ತಕದ ಸ್ಥಿತಿ ಹೆಂಗಿತ್ತು ಅಂತ. ಹೊಸದಾಗಿದ್ದಾಗ ಬಿಳಿ ಮಕ್ಕಳಿಗೆ, ಹರಿದು ಚಿಂದಿ ಆದ್ಮೇಲೆ ಇವರಿಗೆ. ಕ್ಯಾಸಿಯ ಪುಟಾಣಿ ತಮ್ಮ ಅದನ್ನ ಓದಿ ಪುಸ್ತಕ ನೆಲಕ್ಕೆ ಹಾಕಿ ತುಳೀತಾನೆ. ಸ್ಕೌಟ್ ನಿಧಾನಕ್ಕೆ ತಿಳ್ಕೊಳ್ಳೋದನ್ನ ಈ ಮಗು ಮೊದಲನೇ ದಿನವೇ ತಿಳ್ಕೊಂಡಿದೆ, ತಿಳೀದೆ ಇರೋ ಪುರುಸೊತ್ತೇ ಅವನಿಗಿಲ್ಲ.

ಈ ಪುಸ್ತಕಗಳಲ್ಲಿ ಕಪ್ಪು ಜನರನ್ನ ಕೀಳಾಗಿ ಕರೆಯೋ ಎನ್ ಅಕ್ಷರದ ಬೈಗುಳದ ಬಗ್ಗೆ ಒಂದು ಮಾತು. ಗುಂಪಲ್ಲಿ ಜೋರಾಗಿ ಓದ್ತಿದ್ರೆ ಅದನ್ನ ಉಚ್ಚರಿಸೋದು ಬೇಡ, ಒಂದು ಸೆಕೆಂಡ್ ನಿಲ್ಲಿಸಿ ಮುಂದೆ ಹೋಗಿ, ಆದ್ರೆ ಅದು ಅಲ್ಲಿಲ್ಲ ಅನ್ನೋ ಥರಾನೂ ನಟಿಸಬೇಡಿ. ಮಾರ್ಕ್ ಟ್ವೈನ್‌ನ "ಹಕಲ್‌ಬರಿ ಫಿನ್"ನಲ್ಲಿ ಅದು ಇನ್ನೂರಕ್ಕೂ ಹೆಚ್ಚು ಸಲ ಬರುತ್ತೆ, 2011ರಲ್ಲಿ ಒಂದು ಪ್ರಕಾಶನ ಅದನ್ನ ತೆಗೆದು ಗುಲಾಮ ಅನ್ನೋ ಪದ ಹಾಕಿತ್ತು, ನಂಗೆ ಅದು ಸರಿ ಅನ್ಸಲ್ಲ, ಕಥೆ ಹೇಳೋ ಬಿಳಿ ಹುಡುಗ ಹಕ್‌ನ ಬಾಯಲ್ಲಿ ಆ ಪದ ಇದ್ರೇನೇ ಅವನು ಎಲ್ಲಿಂದ ಎಲ್ಲಿಗೆ ಬಂದ ಅಂತ ಗೊತ್ತಾಗೋದು.

ಹಕ್ ಕೂಡ ಓದೋದಾದ್ರೆ ಭಾಷೆ ಕಾಟ ಕೊಡುತ್ತೆ, ಸ್ವಲ್ಪ ಗಟ್ಟಿಯಾಗಿ ಓದಿ, ಕಿವಿಗೆ ಸಿಗುತ್ತೆ. 15ನೇ ಅಧ್ಯಾಯದಲ್ಲಿ ಓಡಿಹೋದ ಗುಲಾಮ ಜಿಮ್‌ಗೆ ಕ್ಷಮೆ ಕೇಳೋಕೆ ಅವನಿಗೆ ಹದಿನೈದು ನಿಮಿಷ ಹಿಡಿಯುತ್ತೆ. 31ರಲ್ಲಿ ಜಿಮ್‌ನ ಹಿಡಿದುಕೊಡದಿದ್ರೆ ನರಕಕ್ಕೆ ಹೋಗ್ತೀನಿ ಅಂತ ನಿಜವಾಗ್ಲೂ ನಂಬಿ, ಹೋದ್ರೆ ಹೋಗ್ಲಿ ಅಂತ, ಜಿಮ್‌ ಎಲ್ಲಿದಾನೆ ಅಂತ ಅವನ ಒಡತಿಗೆ ಬರೆದಿಟ್ಟಿದ್ದ ಕಾಗದ ಹರಿದುಹಾಕ್ತಾನೆ, ತಾನು ಪಾಪ ಮಾಡ್ತಿದೀನಿ ಅಂದ್ಕೊಂಡೇ ಸರಿಯಾದ್ದು ಮಾಡ್ತಾನೆ. ಭೇಷ್ ಅಂದ್ಕೊಳ್ಳೋ ಹೊತ್ತಿಗೆ ಮುಂದಿನ ಅಧ್ಯಾಯದಲ್ಲೇ ಹಡಗಲ್ಲಿ ಸ್ಫೋಟ ಆಯ್ತು ಅಂತ ಸುಳ್ಳು ಕಥೆ ಕಟ್ತಾನೆ, ಯಾರಿಗಾದ್ರೂ ಏನಾದ್ರೂ ಆಯ್ತಾ ಅಂತ ಕೇಳಿದ್ರೆ ಇಲ್ಲ, ಒಬ್ಬ ಕಪ್ಪನು ಸತ್ತ ಅಂತಾನೆ. ಅಲ್ಲೂ ಗೆರೆ. ಆಮೇಲೆ ಹಕ್‌ನ ಗೆಳೆಯ ಟಾಮ್ ಸಾಯರ್ ಬಂದು ಕೊನೆಯ ಹತ್ತು ಅಧ್ಯಾಯ ಜಿಮ್‌ನ ಆಟದ ಸಾಮಾನು ಮಾಡ್ಕೋತಾನೆ, ಅವನಿಗೆ ಬಿಡುಗಡೆ ಆಗ್ಲೇ ಆಗಿದೆ ಅಂತ ಗೊತ್ತಿದ್ದೂ. ನಿಮಗೆ ಅಲ್ಲಿ ಮೈಯೆಲ್ಲ ಉರಿದ್ರೆ ಓದೋದ್ರಲ್ಲಿ ಏನೋ ತಪ್ಪಾಯ್ತು ಅಂದ್ಕೋಬೇಡಿ, ನಂಗೂ ಉರೀತು.