ಜಮ್ಮ ಕಡತ ಓದುವ ಕ್ರಮ: ನನ್ನ ಅನುಭವ

ಗೆದ್ದ ಅರಸರು ನಾಡಿನ ಪ್ರಮುಖರನ್ನು ಭೂಮಿ ಕೊಟ್ಟು ತಮ್ಮವರನ್ನಾಗಿ ಮಾಡಿಕೊಂಡ ಬಗೆ ಕೊಡಗಿನಲ್ಲಿ ಕಂದಾಯದ ಕಡತಗಳಲ್ಲೇ ಸ್ಪಷ್ಟವಾಗಿ ಸಿಗುತ್ತದೆ. ಸೇವೆಗೆ ಪ್ರತಿಯಾಗಿ ಒಕ್ಕಗಳಿಗೆ, ಅಂದರೆ ಒಂದೇ ಮೂಲದ ಕುಟುಂಬಗಳಿಗೆ, ವಂಶಪಾರಂಪರ್ಯವಾಗಿ ಬಿಟ್ಟ ಅಂಥ ಭೂಮಿಯೇ ಜಮ್ಮ. ನಾನು ಪಹಣಿಯಿಂದ ಹಿಂದಕ್ಕೆ ಹೋಗುತ್ತೇನೆ. ಮೊದಲು ಪಹಣಿ, ಆಮೇಲೆ ಹಳೆಯ ಜಮಾಬಂದಿ (ಕಂದಾಯದ ಲೆಕ್ಕ), ಕೊನೆಗೆ ಕೊಡಗಿನ ಅರಸ ಲಿಂಗರಾಜನ (1811–1820) ಕಾಲದ ಶಿಸ್ತು, ಅಂದರೆ ಆಗಿನ ಭೂಮಿ-ಕಂದಾಯದ ದಾಖಲೆ. ಸರ್ವೆ ನಂಬರು ಹಿಡಿದು ಹೊರಟರೆ ದಾರಿ ತಪ್ಪುತ್ತದೆ, ಶಿಸ್ತಿನಲ್ಲಿ ಅದು ಇರುವುದಿಲ್ಲ. ನಾಡು, ಊರು, ಒಕ್ಕದ ಹೆಸರು, ಗದ್ದೆಯ ಹೆಸರು, ಇವನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು.

ಹಿಡುವಳಿ ಜಮ್ಮವೋ ಸಾಗುವೋ (ಪೂರ್ತಿ ಕಂದಾಯದ ಸಾಮಾನ್ಯ ಹಿಡುವಳಿ) ಎಂದು ಗೊತ್ತಾದ ಮೇಲೆ ದರ ನೋಡಿ. ಬ್ರಿಟಿಷರ ಕಾಲದಲ್ಲಿ 100 ಭಟ್ಟಿ ಗದ್ದೆಗೆ ಸಾಗು ಕಂದಾಯ 10 ರೂಪಾಯಿ, ಜಮ್ಮಕ್ಕೆ 5. ಅಂದರೆ 300 ಭಟ್ಟಿ ಇದ್ದ ಒಕ್ಕಕ್ಕೆ ವರ್ಷಕ್ಕೆ 15 ರೂಪಾಯಿ ಉಳಿತಾಯ. 100 ಭಟ್ಟಿ ಎಂದರೆ ಸುಮಾರು 3 ಎಕರೆ. ಆದರೆ ಭಟ್ಟಿ ಮೂಲತಃ ಭತ್ತದ ಅಳತೆ. ಗದ್ದೆಯನ್ನು ಫಸಲಿನಿಂದ ಎಣಿಸುತ್ತಿದ್ದುದರಿಂದ ಎಲ್ಲ ಕಡೆ ಅದೇ ವಿಸ್ತೀರ್ಣ ಬರುವುದಿಲ್ಲ. ಎಕರೆಗೆ ತಿರುಗಿಸಿ ಇಂದಿನ ನಕ್ಷೆಗೆ ಹೊಂದಿಸಲು ಹೋದವರ ಲೆಕ್ಕ ಕೆಡುವುದು ಇಲ್ಲೇ.

ಕಂದಾಯದ ಉಳಿದರ್ಧವನ್ನು ಒಕ್ಕ ಸೇವೆಯಾಗಿ ತೀರಿಸುತ್ತಿತ್ತು. ಕೊಡಗನ್ನು ಆಳಿದ ಹಾಲೇರಿ ಅರಸರು ಲಿಂಗಾಯತರು, ಹೊರಗಿನಿಂದ ಬಂದವರು. ಹಳೆಯ ನಾಯಕರನ್ನು ತೆಗೆದರು, ಒಕ್ಕಗಳನ್ನು ಉಳಿಸಿಕೊಂಡರು. ಜಮ್ಮ ಹಿಡಿದವರು ಕರೆ ಬಂದರೆ ಕೋವಿ ಹಿಡಿದು ಹೊರಡಬೇಕಿತ್ತು, ಕಾವಲು ನಿಲ್ಲಬೇಕಿತ್ತು. ಅಪ್ಪಣೆಯಿಲ್ಲದೆ ಗದ್ದೆಯನ್ನು ಮಾರುವಂತಿರಲಿಲ್ಲ, ಅಡವಿಡುವಂತಿರಲಿಲ್ಲ. ನನ್ನ ಮಟ್ಟಿಗೆ ಜಮ್ಮದ ಜೀವ ಈ ನಿರ್ಬಂಧದಲ್ಲೇ ಇತ್ತು. ಮಾರಲಾಗದ ಭೂಮಿ ಒಕ್ಕವನ್ನು ಒಡೆಯಗೊಡುವುದಿಲ್ಲ, ಹೊರಗಿನ ಸಾಹುಕಾರನ ಕೈಗೂ ಸೇರುವುದಿಲ್ಲ. ಕೊಡವರಷ್ಟೇ ಅಲ್ಲ, ಅರೆಭಾಷೆ ಗೌಡರು, ಅಮ್ಮಕೊಡವರು ಮೊದಲಾದವರಲ್ಲೂ ಜಮ್ಮ ಇತ್ತು.

1834ರಲ್ಲಿ ಕೊನೆಯ ಅರಸ ಚಿಕ್ಕವೀರರಾಜನನ್ನು ಇಳಿಸಿದ ಈಸ್ಟ್ ಇಂಡಿಯಾ ಕಂಪನಿ ಈ ವ್ಯವಸ್ಥೆಯನ್ನು ಮುಟ್ಟಲಿಲ್ಲ, ದಿವಾನರನ್ನೂ ಮುಂದುವರಿಸಿತು. ಅದೇ ವರ್ಷ ಕೊಡಗಿನ ಅಮರಸುಳ್ಯ, ಪುತ್ತೂರು ಪಕ್ಕದ ಕೆನರಾ ಜಿಲ್ಲೆಗೆ ಸೇರಿದವು. ಅಲ್ಲಿ ಧಾನ್ಯದ ಬದಲು ನಗದಿನಲ್ಲೇ ಕಂದಾಯ ಕಟ್ಟಬೇಕಾಯಿತು. 1837ರ ದಂಗೆ ಎದ್ದದ್ದು ಆ ಭಾಗದಲ್ಲಿ. ಅದನ್ನು ಅಡಗಿಸಲು ಮಡಿಕೇರಿಯ ದಿವಾನ ಚೆಪ್ಪುಡಿರ ಪೊನ್ನಪ್ಪ, ಅಪ್ಪಾರಂಡ ಬೋಪು ಕಂಪನಿಯ ಪರ ನಿಂತರು. ನೆರವಾದವರಿಗೆ ಪದಕಗಳು ಬಂದವು. ಕೊಡಗು, ಕೆನರಾ ಎರಡೂ ಕಡೆಯ ಕಂದಾಯದ ಲೆಕ್ಕವನ್ನು ಪಕ್ಕಪಕ್ಕ ಇಟ್ಟು ಓದದೆ ಈ ದಂಗೆ ಅರ್ಥವಾಗುವುದಿಲ್ಲ.

ಓದುವಾಗ ಎರಡು ಕಡೆ ಎಚ್ಚರ ಬೇಕು. ಪಟ್ಟೆದಾರನ ಹೆಸರು ಕಂಡೊಡನೆ ಅವನೇ ಒಡೆಯ ಎಂದುಕೊಳ್ಳಬೇಡಿ. ಅವನು ಒಕ್ಕದ ಹಿರಿಯ, ಕಂದಾಯ ಕಟ್ಟುವ ಹೊಣೆಗಾರ, ಹಕ್ಕು ಇಡೀ ಒಕ್ಕದ್ದು. ಇನ್ನೊಂದು ಬಾಣೆ. ಗದ್ದೆಗೆ ಬೇಕಾದ ಸೊಪ್ಪು, ಸೌದೆ, ಮೇವಿಗಾಗಿ ಬಿಟ್ಟ ಈ ಗುಡ್ಡವನ್ನು ಅದರ ಗದ್ದೆಯ ಜೊತೆಗೇ ಓದಬೇಕು. ಬಾಣೆಯಲ್ಲಿ ಕಾಫಿ ಎದ್ದ ಮೇಲಂತೂ ಮರದ ಹಕ್ಕು ಬೇರೆಯೇ ವಿಷಯವಾಯಿತು. ದಾಖಲೆಯಲ್ಲಿ ‘ರಿಡೀಮ್ಡ್’ ಎಂದಿದ್ದರೆ ಮರದ ಬೆಲೆ ಸರ್ಕಾರಕ್ಕೆ ಸಂದಿದೆ, ‘ಅನ್‌ರಿಡೀಮ್ಡ್’ ಎಂದಿದ್ದರೆ ಇನ್ನೂ ಸಂದಿಲ್ಲ.