ಷರಾ ಕಾಲಮ್ಮಿನಲ್ಲಿ ಬರೆದ ಕಾದಂಬರಿ: ನನ್ನ ಅನುಭವ

"ರಿಜಿಸ್ಟರನ್ನು ಯಾರು ಓದ್ತಾರೆ ಮಾರಾಯ್ತಿ?" ಇಡೀ ಕಾದಂಬರಿಯನ್ನು ಒಂದು ಇಲಾಖೆಯ ರಿಜಿಸ್ಟರಿನ ಹಾಗೆ ಬರೆಯುತ್ತೇನೆ ಅಂದಾಗ, ಮೊದಲಿನಿಂದ ನನ್ನ ಬರಹ ನೋಡುತ್ತಾ ಬಂದ ಹಿರಿಯರೊಬ್ಬರು ಹೀಗೆ ಕೇಳಿದ್ದರು. ಗಂಡನೂ ಅದನ್ನೇ ಹೇಳಿದರು, ಸ್ವಲ್ಪ ಮೆತ್ತಗೆ. ಈಗ ಪುಸ್ತಕದ ಎರಡನೇ ಮುದ್ರಣ ಬಂದಿದೆ. ಆ ಹಿರಿಯರೇ ಐದು ಪ್ರತಿ ಕೊಂಡು ಹಂಚಿದ್ದಾರೆ. ಹಾಗಾಗಿ ಹೇಗೆ ಮಾಡಿದೆ ಅಂತ ಬರೆಯುವ ಧೈರ್ಯ ಬಂತು.

ವಸ್ತು ಇಷ್ಟೇ. ಮುಂದೊಂದು ಕಾಲ. ಹೆತ್ತ ಮಗುವನ್ನು ಸಾಕಲು ತಾಯಿಗೆ ಪರವಾನಗಿ ಬೇಕು. ಆರು ತಿಂಗಳಿಗೊಮ್ಮೆ ನವೀಕರಣ. ಅಂಕ ಕಡಿಮೆಯಾದರೆ ಮಗು ಇಲಾಖೆಯ ಪಾಲನಾ ಗೃಹಕ್ಕೆ.

ಇದನ್ನು ಮೊದಲು ಎಲ್ಲರ ಹಾಗೆ ಬರೆದೆ. ದೊಡ್ಡ ನಗರ, ಎತ್ತರದ ಗೋಡೆ, ಕ್ಯಾಮೆರಾ, ಕರಿ ಸಮವಸ್ತ್ರದ ಕಾವಲುಗಾರರು. ಸುಮಾರು 240 ಪುಟ. ಎರಡು ವರ್ಷ ಹೋಯಿತು. ಓದಿದ ನಾಲ್ಕು ಜನರೂ "ಸಿನಿಮಾ ನೋಡಿದ ಹಾಗೆ ಉಂಟು" ಅಂದರು. ಹೊಗಳಿಕೆ ಅಂದುಕೊಂಡಿದ್ದೆ. ಯಾರಿಗೂ ಹೆದರಿಕೆಯೇ ಆಗಿರಲಿಲ್ಲ ಅನ್ನುವುದು ಆಮೇಲೆ ತಿಳಿಯಿತು. ಎರಡನೇ ಸಲ ತಾಯಿಯೇ ಹೇಳುವ ಹಾಗೆ ಬರೆದೆ. ಅದರಲ್ಲಿ ಪುಟಕ್ಕೆರಡು ಸಲ ಅಳು. ಒಂದು ಸ್ಪರ್ಧೆಗೆ ಕಳಿಸಿದೆ, ಬಹುಮಾನ ಬರಲಿಲ್ಲ. ಪುಸ್ತಕ ಮಾಡಿಕೊಡುತ್ತೇವೆ ಅಂದ ಒಬ್ಬರಿಗೆ 18 ಸಾವಿರ ಮುಂಗಡ ಕೊಟ್ಟೆ. ಎಂಟು ತಿಂಗಳ ನಂತರ ಫೋನ್ ಎತ್ತುವುದನ್ನೇ ಬಿಟ್ಟರು. ಆ ದುಡ್ಡು ಇವತ್ತಿಗೂ ಬಂದಿಲ್ಲ.

ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನನ್ನದೊಂದು ಝೆರಾಕ್ಸ್, ಡಿಟಿಪಿ ಅಂಗಡಿ. ಅರ್ಜಿ ತುಂಬಿಸಿಕೊಡುವ ಕೆಲಸವೇ ಜಾಸ್ತಿ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದಲ್ಲಿಂದ ಈಚೆಗೆ ನಮ್ಮ ಕಡೆ ಮನೆಯ ಮಾತು ಒಂದು, ಅರ್ಜಿಯ ಮಾತು ಇನ್ನೊಂದು, ನಿಮಗೆ ಗೊತ್ತಲ್ವಾ. ಒಂದು ಮಳೆಗಾಲದ ಮಧ್ಯಾಹ್ನ ಒಬ್ಬ ಹೆಂಗಸು ಮಲಯಾಳದ ಫಾರ್ಮ್ ಹಿಡಿದುಕೊಂಡು ಬಂದಳು. ಸೊಂಟದಲ್ಲಿ ಮಗು. ಮೂರು ಕಡೆ ಸಹಿ ಆಗಿತ್ತು. "ಅಕ್ಕಾ, ಇದರಲ್ಲಿ ನಾನು ಎಂತ ಒಪ್ಪಿಕೊಂಡದ್ದು?" ಅಂತ ಕೇಳಿದಳು.

ಸಹಿಯ ಕೆಳಗೆ 'ರಕ್ಷಿತಾವ್' ಅಂತ ಇತ್ತು. ಮಲಯಾಳದಲ್ಲಿ ಅದಕ್ಕೆ ಪೋಷಕರು, ಕಾಪಾಡುವವರು ಅಂತ ಅರ್ಥ. ಅವಳಿಗೆ ಅಕ್ಷರ ಕೂಡಿಸಿ ಓದಲು ಬರುತ್ತಿತ್ತು. ಕನ್ನಡದ 'ರಕ್ಷಿತ' ಅಂತ ತಿಳಿದುಕೊಂಡಿದ್ದಳು. ಸರ್ಕಾರ ಕಾಪಾಡಲು ಬರೆದುಕೊಂಡ ಹೆಸರು ತನ್ನದು ಅಂತ ನಂಬಿ ಮೂರೂ ಕಡೆ ಸಹಿ ಹಾಕಿದ್ದಳು. ಅದು ಯಾವುದೋ ಸಣ್ಣ ಸವಲತ್ತಿನ ಅರ್ಜಿ, ಅಪಾಯದ್ದೇನೂ ಅಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎರಡು ವರ್ಷ ಗೋಡೆ, ಕಾವಲುಗಾರ ಅಂತ ಬರೆದು ಹುಡುಕಿದ ಹೆದರಿಕೆ ಒಂದು ಎ4 ಹಾಳೆಯಲ್ಲಿತ್ತು.

ಮರುದಿನ ಗೆರೆ ಹಾಕಿದ ದಪ್ಪ ಲೆಡ್ಜರ್ ಒಂದು ತಂದೆ. ನೂರಾಹತ್ತೋ ನೂರಾಇಪ್ಪತ್ತೋ ರೂಪಾಯಿ. ಕಾಲಂ ಎಳೆದೆ: ಮನೆ ನಂಬರ್, ದಿನಾಂಕ, ತಪಾಸಣೆ, ಅಂಕ. ಕೊನೆಗೆ ಷರಾ, ಅಂದರೆ ಟಿಪ್ಪಣಿ ಬರೆಯುವ ಜಾಗ. ಇಡೀ ಕಾದಂಬರಿ ಈ ರಿಜಿಸ್ಟರೇ. ಬರೆಯುವವಳು ಇಲಾಖೆಯ ನೌಕರಳು. ತಾಯಿಗೆ ಮಾತಾಡಲು ಇರುವ ಜಾಗ ಷರಾ ಮಾತ್ರ. ಅದರ ಅಗಲ ಮೂರೂವರೆ ಸೆಂಟಿಮೀಟರ್. ನಾಲ್ಕೈದು ಪದಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಕಂಪ್ಯೂಟರಿನಲ್ಲಿ ಬರೆದರೆ ಸೆಲ್ ಬೆಳೆಯುತ್ತಾ ಹೋಗುತ್ತದೆ, ಮಾತೂ ಬೆಳೆಯುತ್ತದೆ. ಅದಕ್ಕೇ ಮೊದಲ ಕರಡು ಪೂರ್ತಿ ಪೆನ್ನಿನಲ್ಲಿ ಬರೆದೆ. ಒಂದು ನಮೂನೆ ಕೊಡುತ್ತೇನೆ:

ಮನೆ 114. ಮಗು ಅತ್ತ ಸಮಯ ರಾತ್ರಿ 2.10. ಎತ್ತಿಕೊಂಡ ಸಮಯ 2.11. ನಿಗದಿತ ಕಾಯುವಿಕೆ 4 ನಿಮಿಷ ಪಾಲಿಸಿಲ್ಲ. 3 ಅಂಕ ಕಡಿತ. ಷರಾ: ಎತ್ತಿಕೊಂಡೆ.

ಆ ಒಂದು ಪದ ಸಿಕ್ಕಿದ ದಿನ ಕಾದಂಬರಿ ಆಗುತ್ತದೆ ಅಂತ ಖಾತ್ರಿಯಾಯಿತು. ಹಳೆಯ ಕರಡಿನ ಮೂವತ್ತು ಪುಟದ ಅಳು ಅದರಲ್ಲಿ ಬಂದಿತ್ತು. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ದಿನಕ್ಕೆ ಇಪ್ಪತ್ತು ನಮೂದು, ಅಂಗಡಿ ಮುಚ್ಚಿದ ಮೇಲೆ. ಒಟ್ಟು ನಾನೂರರ ಹತ್ತಿರ ಆದವು. ಇಪ್ಪತ್ತೇ ದಿನದ ಕೆಲಸ ಅಂತ ಲೆಕ್ಕ ಹಾಕಬೇಡಿ. ಹೊಡೆದು ಹಾಕಿದ್ದು ಅದರ ಮೂರು ಪಟ್ಟು. ಏಳು ತಿಂಗಳು ಹಿಡಿಯಿತು.

ಮನೆಗೆ ಬಂದು ಅಂಕ ಹಾಕುವ ಈ ನೌಕರಳನ್ನು ನೋಡಿ ಅಂಗನವಾಡಿ ನೆನಪಾಗಬಹುದು, ಹಾಗಾಗಿ ಅದರ ವಿಷಯ ಸ್ಪಷ್ಟ ಮಾಡಬೇಕು. 1975ರಲ್ಲಿ ಶುರುವಾದ ಆ ಯೋಜನೆಯ ತಕ್ಕಡಿ ಎಷ್ಟೋ ಮಕ್ಕಳನ್ನು ಉಳಿಸಿದೆ. ಮಗುವಿನ ತೂಕ ಗುರುತು ಮಾಡುವ, ಹಸಿರು, ಹಳದಿ, ಕಿತ್ತಳೆ ಪಟ್ಟಿಯ ಕಾರ್ಡಿನಲ್ಲಿ ನನ್ನ ಮಗನ ತೂಕ ಎರಡು ಸಲ ಹಳದಿಗೆ ಇಳಿದಿತ್ತು. ಮಳೆಯಲ್ಲಿ ನೆನೆದುಕೊಂಡು ಬಂದು ಹೇಳಿದವರು ನಮ್ಮೂರಿನ ಟೀಚರೇ. ಅವರನ್ನು ದುಷ್ಟೆ ಮಾಡುವ ಮನಸ್ಸು ನನಗಿರಲಿಲ್ಲ. ನನ್ನ ಕಥೆಯ ನೌಕರಳೂ ಒಳ್ಳೆಯವಳು. ಬಂದರೆ ಮಜ್ಜಿಗೆ ಕುಡಿಯುತ್ತಾಳೆ, ಮಗುವಿನ ಕೆನ್ನೆ ಮುಟ್ಟುತ್ತಾಳೆ, ಆಮೇಲೆ ಅಂಕ ಕಡಿಯುತ್ತಾಳೆ. ನಾನು ಹೊಸದಾಗಿ ಸೇರಿಸಿದ್ದು ಒಂದೇ ಗೆರೆ: ಅದೇ ಕಾರ್ಡಿನಲ್ಲಿ ತಾಯಿಗೂ ಒಂದು ರೇಖೆ. ಓದಿದ ಹೆಂಗಸರು ಹೆದರಿದ್ದು ಅಲ್ಲಿಯೇ.

ಚರಿತ್ರೆಗೆ ಬೇರೆ ನೋಟ್‌ಬುಕ್ ಇಟ್ಟಿದ್ದೆ. ರೊಮಾನಿಯಾದಲ್ಲಿ 1966ರ ಆಜ್ಞೆಯಿಂದ ಗರ್ಭಪಾತಕ್ಕೆ ಹೆಚ್ಚುಕಡಿಮೆ ಪೂರ್ತಿ ನಿಷೇಧ ಬಿತ್ತು, ಕಾರ್ಖಾನೆಯ ಹೆಂಗಸರನ್ನು ಗರ್ಭಿಣಿಯೋ ಅಂತ ತಪಾಸಣೆ ಮಾಡುತ್ತಿದ್ದರು, ಮಕ್ಕಳಿಲ್ಲದವರಿಗೆ ಹೆಚ್ಚು ತೆರಿಗೆ ಹಾಕಿದರು. 1989ರ ಕೊನೆಯವರೆಗೂ ಅದು ನಡೆಯಿತು. ಅರ್ಜೆಂಟೀನಾದಲ್ಲಿ 1976ರಿಂದ 83ರ ಸೇನಾ ಆಡಳಿತ ಬಂಧಿತ ತಾಯಂದಿರ ಸುಮಾರು 500 ಶಿಶುಗಳನ್ನು ಬೇರೆಯವರಿಗೆ ಕೊಟ್ಟಿತು ಅಂತ ಅಲ್ಲಿನ ಅಜ್ಜಿಯಂದಿರು ಹೇಳುತ್ತಾರೆ. 1977ರಿಂದ ಅವರು ಮೊಮ್ಮಕ್ಕಳನ್ನು ಹುಡುಕುತ್ತಲೇ ಇದ್ದಾರೆ. ನಮ್ಮಲ್ಲಿ ತುರ್ತು ಪರಿಸ್ಥಿತಿಯಲ್ಲಿ ಶಾಲಾ ಮೇಷ್ಟ್ರುಗಳಿಗೂ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಜನರನ್ನು ಕರೆತರುವ ಕೋಟಾ ಇತ್ತು. ಇವನ್ನೆಲ್ಲ ಇದ್ದ ಹಾಗೆ ಸೇರಿಸಿದೆ. "ಇದು ಸ್ವಲ್ಪ ಜಾಸ್ತಿಯಾಯಿತು" ಅಂದರು ಓದಿದವರು. ನಡೆದದ್ದನ್ನೇ ನಂಬಲಿಲ್ಲ! ಆಮೇಲೆ ಒಂದು ಉಪಾಯ ಮಾಡಿದೆ. ಪ್ರತಿಯೊಂದನ್ನೂ ಎರಡು ಮೆಟ್ಟಿಲು ಕೆಳಗಿಳಿಸಿದೆ. ತೆರಿಗೆ ಹೋಗಿ ರೇಷನ್ ಕಾರ್ಡಿನ ಬಣ್ಣವಾಯಿತು. ತಪಾಸಣೆ ಹೋಗಿ "ದಯವಿಟ್ಟು ಹಾಜರಿರಿ" ಅನ್ನುವ ಚೀಟಿಯಾಯಿತು. ಆಗ ನಂಬಿದರು.

ಎಂಡೋಸಲ್ಫಾನ್ ಕೀಟನಾಶಕದ ದುರಂತದ ಬಗ್ಗೆ ಯಾಕೆ ಬರೆಯಲಿಲ್ಲ ಅಂತ ಹಲವರು ಕೇಳಿದರು. ಎಣ್ಮಕಜೆ ನಮ್ಮಿಂದ ದೂರವಿಲ್ಲ. ಗೇರು ತೋಟದ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಆಕಾಶದಿಂದ ಸುರಿದ ಮದ್ದು, ಸಂತ್ರಸ್ತರ ಪಟ್ಟಿಯಲ್ಲಿ ಹೆಸರು ಬರಲು ಮಕ್ಕಳನ್ನು ಎತ್ತಿಕೊಂಡು ಕ್ಯಾಂಪಿನಲ್ಲಿ ಸಾಲು ನಿಂತ ಅಮ್ಮಂದಿರು. ಅದನ್ನು ನಾನು ಮುಟ್ಟಲಿಲ್ಲ. ಅವರ ನೋವು ನನ್ನ ಕಾದಂಬರಿಗೆ ಸಾಮಾನು ಅಲ್ಲ. ಅವರಿಂದ ತೆಗೆದುಕೊಂಡದ್ದು ಕಾಗದ ಒದ್ದೆಯಾಗದಂತೆ ಸುತ್ತುವ ಪ್ಲಾಸ್ಟಿಕ್ ಕವರ್ ಒಂದನ್ನೇ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಪ್ರತಿ ಮನೆಯ ಷರಾ ಆ ಮನೆಯ ಮಾತಿನಲ್ಲೇ ಇರಲಿ ಅಂತ ಹೊರಟೆ. ಹವ್ಯಕರ ಮನೆಯಲ್ಲಿ "ಎತ್ತಿಗೊಂಡೆ", ಉಳಿದ ಕಡೆ ತುಳು, ಬ್ಯಾರಿ, ಮರಾಠಿ. ಕಾಸರಗೋಡಿನವರಿಗೆ ಖುಷಿಯಾಯಿತು, ಧಾರವಾಡದ ಗೆಳತಿಗೆ ಹತ್ತು ಪುಟಕ್ಕೇ ಸುಸ್ತಾಯಿತು. ಕೊನೆಗೆ ಅಬ್ಬೆ, ಅಪ್ಪೆ, ಉಮ್ಮ, ಆಯಿ ಅಂತ ಅಮ್ಮನನ್ನು ಕರೆಯುವ ಈ ನಾಲ್ಕು ಪದ ಮಾತ್ರ ಉಳಿಸಿದೆ. ಕಥೆಯಲ್ಲಿ ಇಲಾಖೆ ನಾಲ್ಕನ್ನೂ ಹೊಡೆದು ಹಾಕಿ 'ಪ್ರಥಮ ಪಾಲಕಿ' ಅಂತ ಬರೆಯುತ್ತದೆ. ಅತ್ತೆಯವರ ದನಿಯಲ್ಲಿ ಆಡಿಯೋ ಮಾಡಲೂ ನೋಡಿದೆ. ಕಾಲಂ ಕಣ್ಣಿಗೆ ಕಾಣದಿದ್ದರೆ ಏನೂ ಇಲ್ಲ, ಬಿಟ್ಟೆ.

ದೊಡ್ಡ ಪೆಟ್ಟು ಬಿದ್ದದ್ದು ಪ್ರೆಸ್ಸಿನಲ್ಲಿ. ಷರಾಕ್ಕೆ ಕೈಬರಹದ ಹಾಗಿರುವ ಬೇರೆ ಫಾಂಟ್ ಹಾಕಿದ್ದೆ. ಪಿಡಿಎಫ್ ಮಾಡುವಾಗ ಅದು ಸೇರಿಕೊಳ್ಳಲಿಲ್ಲ. ಅವಸರದಲ್ಲಿ ನೋಡದೆ ಒಪ್ಪಿಗೆ ಕೊಟ್ಟೆ. ಮೊದಲು ತರಿಸಿದ 40 ಪ್ರತಿಯಲ್ಲೂ ಷರಾ ಕಾಲಂ ಖಾಲಿ! ನಾಲ್ಕು ಸಾವಿರದಷ್ಟು ಹೋಯಿತು. ತಪ್ಪು ನನ್ನದೇ. ಆ ರಾತ್ರಿ ಒಂದು ಪ್ರತಿ ಹಿಡಿದು ಕೂತೆ. ದಿನಾಂಕ ಇದೆ, ಅಂಕ ಇದೆ, ಅವಳಿಲ್ಲ. ನಾನೇ ಬರೆದದ್ದು ನನ್ನನ್ನು ಅಳಿಸಿತು. ಮೂರು ಸಲ ತಿದ್ದಿದರೂ ಸರಿಹೋಗದ ಕೊನೆ ಅಲ್ಲಿ ಸಿಕ್ಕಿತು. ಈಗಿನ ಪುಸ್ತಕದಲ್ಲಿ ಕೊನೆಯ 11 ಪುಟಕ್ಕೆ ಷರಾ ಇಲ್ಲ. ಅದಕ್ಕೂ ಮುಂಚೆ ನೌಕರಳ ಕೈಬರಹ ಒಂದು ಕಡೆ ಬದಲಾಗುತ್ತದೆ. ಎಲ್ಲಿ, ಹೇಗೆ ಅನ್ನುವುದನ್ನು ಮಾತ್ರ ಕೇಳಬೇಡಿ. ಅಂಕದ ಲೆಕ್ಕದಲ್ಲಿ ಅಡಗಿಸಿದ್ದನ್ನೂ ಹೇಳುವುದಿಲ್ಲ.

ಖರ್ಚಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. 160 ಪುಟ, ಡೆಮಿ ಸೈಜ್, ಮೊದಲ 300 ಪ್ರತಿಗೆ 28 ಸಾವಿರದ ಮೇಲೆ. ಮುಖಪುಟಕ್ಕೆ ಮೂರೂವರೆ. ಬೆಲೆ 200 ಇಟ್ಟೆ. ಅಂಗಡಿಯವರಿಗೆ ನೂರಕ್ಕೆ ನಲವತ್ತು ಬಿಡಬೇಕು, ಹಾಗಾಗಿ ಅರ್ಧದಷ್ಟು ನಾನೇ ಅಂಚೆಯಲ್ಲಿ ಕಳಿಸಿದೆ. ಏಳು ತಿಂಗಳಲ್ಲಿ 260 ಹೋಯಿತು. ಆದರೂ ಆ ಹದಿನೆಂಟು ಸಾವಿರ ಸೇರಿಸಿದರೆ ನಷ್ಟವೇ. ಎರಡನೇ ಸಲ 500 ಹಾಕಿಸಿದೆ, ಪ್ರತಿಗೆ 78ರಷ್ಟು ಬಿತ್ತು. ಅದರಲ್ಲಿ 350 ಹೋಗಿದೆ. ಈಗ ಹಾಕಿದ್ದು ಬಂದಿದೆ, ಕೈಯಲ್ಲಿ ನಾಲ್ಕೈದು ಸಾವಿರ ಉಳಿದಿರಬಹುದು. ರಿಜಿಸ್ಟರಿಗೆ ಅದು ಸಣ್ಣದಲ್ಲ.

ನಾನು ನಿರೀಕ್ಷಿಸದ ಒಂದು ಸಂಗತಿ ನಡೆಯುತ್ತಿದೆ. ಓದಿದ ಹೆಂಗಸರು ಆ ಖಾಲಿ ಪುಟಗಳ ಷರಾ ತುಂಬಿಸಿ ಫೋಟೋ ಕಳಿಸುತ್ತಿದ್ದಾರೆ. ಇದುವರೆಗೆ ಹದಿನಾಲ್ಕು ಜನ. ಒಬ್ಬರು ಬರೆದದ್ದು "ನಾನಿದ್ದೇನೆ" ಅಂತ, ಹನ್ನೊಂದೂ ಪುಟದಲ್ಲಿ. ಫೋಟೋ ನೋಡಿದರೆ 70 ಜಿಎಸ್‌ಎಂನ ತೆಳು ಕಾಗದದಲ್ಲಿ ಪೆನ್ನಿನ ಶಾಯಿ ಹಿಂದಿನ ಪುಟಕ್ಕೆ ಇಳಿದಿದೆ. ಮುಂದಿನ ಮುದ್ರಣಕ್ಕೆ ಸ್ವಲ್ಪ ದಪ್ಪದ 80 ಹಾಕಿಸುತ್ತೇನೆ, ಪ್ರತಿಗೆ ಐದಾರು ರೂಪಾಯಿ ಜಾಸ್ತಿಯಾದರೂ.