ಬೆಳೆ ಹಾನಿ ಪರಿಹಾರ: ಹಣ ಬರುವ ಮುನ್ನ ನೋಡಬೇಕಾದ ದಾಖಲೆಗಳು

ಅತಿವೃಷ್ಟಿಗೆ ಹತ್ತಿ ಕಪ್ಪಾದಾಗಲೂ ಮಳೆ ಕೈಕೊಟ್ಟು ತೊಗರಿ ಒಣಗಿದಾಗಲೂ ರಾಯಚೂರು ಜಿಲ್ಲೆಯ ರೈತರು ಕೇಳುವ ಮೊದಲ ಪ್ರಶ್ನೆ, ಅರ್ಜಿ ಎಲ್ಲಿ ಕೊಡಬೇಕು ಎಂಬುದು. ಆದರೆ ಬೆಳೆ ಹಾನಿಗೆ ಪರಿಹಾರವಾಗಿ ಸರ್ಕಾರ ಕೊಡುವ ಇನ್‌ಪುಟ್ ಸಬ್ಸಿಡಿ ಮುಖ್ಯವಾಗಿ ನಿಂತಿರುವುದು ಅರ್ಜಿಯ ಮೇಲಲ್ಲ, ದಾಖಲೆಗಳ ಮೇಲೆ. ಪಹಣಿ, ಬೆಳೆ ಸಮೀಕ್ಷೆ, ಫ್ರೂಟ್ಸ್ (ರಾಜ್ಯ ಸರ್ಕಾರದ ರೈತರ ದತ್ತಾಂಶ ವ್ಯವಸ್ಥೆ) ನೋಂದಣಿ ಮತ್ತು ಬ್ಯಾಂಕ್ ಖಾತೆ ಒಂದಕ್ಕೊಂದು ತಾಳೆಯಾದರೆ ಹಣ ನೇರವಾಗಿ ಜಮೆಯಾಗುತ್ತದೆ; ಒಂದು ತಪ್ಪಿದರೂ ತಡೆಯಾಗಬಹುದು.

ಮೊದಲು ದರವನ್ನು ತಿಳಿಯಬೇಕು. ಕೇಂದ್ರದ 2022-26ರ ಮಾನದಂಡದ ಪ್ರಕಾರ, ಬೆಳೆ ಶೇ 33 ಅಥವಾ ಅದಕ್ಕಿಂತ ಹೆಚ್ಚು ಹಾನಿಯಾಗಿದ್ದರೆ ಹೆಕ್ಟೇರಿಗೆ ಮಳೆಯಾಶ್ರಿತ ಜಮೀನಿಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ ನಿಗದಿಯಾಗಿತ್ತು. ಇದು ಗರಿಷ್ಠ ಎರಡು ಹೆಕ್ಟೇರಿಗೆ, ಅಂದರೆ ಐದು ಎಕರೆಗೆ ತುಸು ಕಡಿಮೆ ವಿಸ್ತೀರ್ಣಕ್ಕೆ ಸೀಮಿತ. ಎಕರೆ ಲೆಕ್ಕದಲ್ಲಿ ಖುಷ್ಕಿ ಹೊಲಕ್ಕೆ ಸುಮಾರು 3,440 ರೂಪಾಯಿ ಬೀಳುತ್ತದೆ. ಮೆಣಸಿನಕಾಯಿ ಬೆಳೆಗಾರ ಎಕರೆಗೆ ಸುರಿಯುವ ಖರ್ಚಿನ ಮುಂದೆ ಇದು ಏನೇನೂ ಅಲ್ಲ.

ಎರಡನೆಯದಾಗಿ, ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಫ್ರೂಟ್ಸ್ ಗುರುತಿನ ಸಂಖ್ಯೆಯಲ್ಲಿ ತಮ್ಮ ಎಲ್ಲ ಸರ್ವೆ ನಂಬರುಗಳೂ ಸೇರಿವೆಯೇ ಎಂದು ನೋಡಿಸಬೇಕು. ಮೂರು ಕಡೆ ಹೊಲವಿದ್ದು ಒಂದೇ ಪಹಣಿ ಜೋಡಣೆಯಾಗಿದ್ದರೆ ಉಳಿದ ಎರಡರ ಪರಿಹಾರ ಕೈತಪ್ಪುತ್ತದೆ. ಪಹಣಿ ಇನ್ನೂ ತೀರಿಹೋದ ತಂದೆಯ ಅಥವಾ ಅಜ್ಜನ ಹೆಸರಿನಲ್ಲಿದ್ದರೆ ತೊಡಕು ದೊಡ್ಡದು. ಉಳುವ ಮಗ ಕಣ್ಣೆದುರಿಗಿದ್ದರೂ ಪಹಣಿಯಲ್ಲಿ ಅವನ ಹೆಸರಿರುವುದಿಲ್ಲ. ಇಂಥವರು ಹಾನಿಯಾಗುವವರೆಗೆ ಕಾಯದೆ, ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದೊಂದಿಗೆ ನಾಡಕಚೇರಿಯಲ್ಲಿ ಪೌತಿ ಖಾತೆಗೆ, ಅಂದರೆ ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಹಾಕುವುದು ಲೇಸು. ಆಧಾರ್ ಮತ್ತು ಪಹಣಿಯಲ್ಲಿ ಹೆಸರು ಬೇರೆ ಬೇರೆಯಾಗಿದ್ದರೆ ಅದನ್ನೂ ಆಗಲೇ ತಿದ್ದಿಸಿಕೊಳ್ಳಬೇಕು.

ಮೂರನೆಯದು ಬೆಳೆ ಸಮೀಕ್ಷೆ. ಹೊಲದಲ್ಲಿ ತೊಗರಿ ಇದ್ದು ದಾಖಲೆಯಲ್ಲಿ ಬೀಳು ಎಂದಿದ್ದರೆ ಪರಿಹಾರ ಸಿಗುವುದು ಕಷ್ಟ. ಸಮೀಕ್ಷೆಯ ಆ್ಯಪ್‌ನಲ್ಲಿ ರೈತರೇ ಚಿತ್ರ ತೆಗೆದು ವಿವರ ಸೇರಿಸಬಹುದು. ಬೇರೆಯವರು ಸೇರಿಸಿದ್ದರೆ ‘ಬೆಳೆ ದರ್ಶಕ’ ಆ್ಯಪ್‌ನಲ್ಲಿ ಪರಿಶೀಲಿಸಿ, ತಪ್ಪಿದ್ದರೆ ಗಡುವಿನೊಳಗೆ ಆಕ್ಷೇಪಣೆ ಸಲ್ಲಿಸಬೇಕು.

ಹಾನಿಯಾದ ಮೇಲೆ ಕಂದಾಯ, ಕೃಷಿ ಮತ್ತು ತೋಟಗಾರಿಕೆ ಇಲಾಖೆಗಳು ಜಂಟಿ ಸಮೀಕ್ಷೆ ನಡೆಸುತ್ತವೆ. ಆ ದಿನ ಹೊಲದಲ್ಲಿ ಹಾಜರಿರುವುದು, ಸಾಧ್ಯವಾದರೆ ಬೆಳೆ ಕೆಡುವ ಮುನ್ನ ಮತ್ತು ಕೆಟ್ಟ ಮೇಲಿನ ಚಿತ್ರಗಳನ್ನು ಇಟ್ಟುಕೊಂಡಿರುವುದು ಒಳ್ಳೆಯದು. ನಂತರ ಗ್ರಾಮ ಆಡಳಿತ ಅಧಿಕಾರಿಯ ಬಳಿ ಪಟ್ಟಿಯಲ್ಲಿ ತಮ್ಮ ಹೆಸರು ಮತ್ತು ಗುಂಟೆಯ ಲೆಕ್ಕ ನೋಡಿ, ಬಿಟ್ಟುಹೋಗಿದ್ದರೆ ತಹಶೀಲ್ದಾರರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಹೊಲವನ್ನು ಲೀಸಿಗೆ ಅಥವಾ ಕೋರಿಗೆ (ಬೆಳೆಯ ಪಾಲಿಗೆ) ಮಾಡುವವರಿಗೆ ಇಲ್ಲಿ ಅನ್ಯಾಯವಾಗುವುದುಂಟು. ಹಣ ಪಹಣಿದಾರರ ಖಾತೆಗೆ ಹೋಗುವುದರಿಂದ ಮಾಲೀಕರೊಂದಿಗೆ ಮೊದಲೇ ಮಾತನಾಡಿ ಬರೆದಿಟ್ಟುಕೊಳ್ಳುವುದು ಕ್ಷೇಮ.

ಪರಿಹಾರ ಆಧಾರ್ ಜೋಡಣೆಯಾದ ಖಾತೆಗೇ ಬರುತ್ತದೆ. ಖಾತೆಗೆ ಆಧಾರ್ ಸಂಖ್ಯೆ ಕೊಟ್ಟಿದ್ದರೆ ಸಾಲದು, ನೇರ ವರ್ಗಾವಣೆಗೆ ಆ ಖಾತೆಯೇ ಜೋಡಣೆಯಾಗಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು. ಹಣ ಬಂದಿದೆಯೋ ಇಲ್ಲವೋ ಎಂಬುದನ್ನು ಕಂದಾಯ ಇಲಾಖೆಯ ‘ಪರಿಹಾರ’ ಜಾಲತಾಣದಲ್ಲಿ ನೋಡಬಹುದು. 2023ರ ಬರದಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದಾಗ, ರಾಜ್ಯ ಸರ್ಕಾರ ಮೊದಲ ಕಂತಾಗಿ ಗರಿಷ್ಠ 2,000 ರೂಪಾಯಿ ಕೊಟ್ಟು, ಉಳಿದದ್ದನ್ನು ಕೇಂದ್ರದ ಹಣ ಬಂದ ಮೇಲೆ ಜಮೆ ಮಾಡಿತ್ತು. ಆಗ ಕೆಲವು ಬ್ಯಾಂಕುಗಳು ಅದನ್ನು ಹಳೆಯ ಸಾಲಕ್ಕೆ ಮುರಿದುಕೊಂಡ ದೂರುಗಳು ಬಂದು, ಹಾಗೆ ಮಾಡಬಾರದೆಂದು ಸರ್ಕಾರ ಸೂಚಿಸಿತ್ತು. ಈಗಲೂ ಅಂಥದ್ದು ನಡೆದರೆ ಶಾಖೆಯಲ್ಲಿ ವಾದಿಸುತ್ತ ನಿಲ್ಲದೆ, ಪಾಸ್‌ಬುಕ್ ಪ್ರತಿಯೊಂದಿಗೆ ತಹಶೀಲ್ದಾರರಿಗೂ ಜಿಲ್ಲೆಯ ಬ್ಯಾಂಕುಗಳ ಸಮನ್ವಯ ನೋಡುವ ಲೀಡ್ ಬ್ಯಾಂಕ್ ವ್ಯವಸ್ಥಾಪಕರಿಗೂ ಲಿಖಿತ ದೂರು ಕೊಡಬೇಕು.